ಯಾರೂ ಇಲ್ಲದವಳು ಬೇಕಾಗಿದ್ದಾಳೆ

ಒಂದಾನೊಂದು ಊರಿನಲ್ಲಿ, ಊರಿನ ಹೆಸರು ಕೇಳಬೇಡಿ, ಹೇಳಿದರೆ ಅಲ್ಲಿಯವರು ಜಗಳಕ್ಕೆ ಬರುತ್ತಾರೆ, ಒಬ್ಬ ದೊರೆ ಇದ್ದ. ದೊರೆಗೆ ಒಂದು ಮೀಸೆ ಇತ್ತು. ರಾಜ್ಯಕ್ಕಿಂತ ಅವನಿಗೆ ಆ ಮೀಸೆಯೇ ಹೆಚ್ಚು. ಪೇಟೆಯಲ್ಲಿ ಗಾಡಿ ಓಡಿದರೆ ಧೂಳು ಏಳುತ್ತಿತ್ತು. ಧೂಳು ಎದ್ದರೆ ಮೀಸೆ ಮೇಲೆ ಕೂರುತ್ತಿತ್ತು. ಬೀದಿಗೆ ನೀರು ಚಿಮುಕಿಸಿ ಅನ್ನಬಹುದಿತ್ತು, ಅನ್ನಲಿಲ್ಲ ಪುಣ್ಯಾತ್ಮ. "ಗಾಡಿಯನ್ನೇ ಮೇಲಕ್ಕೆ ಎತ್ತಿ" ಅಂದ. "ಕಂಬದ ಮೇಲೆ ಓಡಲಿ. ಅರಮನೆಯ ಮುಂಬಾಗಿಲಲ್ಲಿ ಹತ್ತಬೇಕು, ಊರೆಲ್ಲ ಸುತ್ತಬೇಕು, ಹಿಂಬಾಗಿಲಲ್ಲಿ ಇಳಿಯಬೇಕು. ಮೊದಲ ದಿನ ಊರಿಗೆ ಊರೇ ಹತ್ತಬೇಕು."

ಕೆಲಸ ಗುತ್ತಿಗೆದಾರ ಉಗ್ರಪ್ಪನಿಗೆ ಸಿಕ್ಕಿತು. ಕೆಲಸ ಸರಿಯಾಗಿದೆಯಾ ಅಂತ ನೋಡೋಕೆ ಒಬ್ಬ ನೋಟಗಾರ ಬೇಕಲ್ಲ, ಉಗ್ರಪ್ಪನ ಭಾವಮೈದನನ್ನೇ ಇಟ್ಟರು. ಆ ಭಾವಮೈದ ಮಾಡಿದ್ದೇನು? ಅಕ್ಕನ ಮನೆಯಲ್ಲಿ ಹೋಳಿಗೆ ನೋಡಿದ, ಕಂಬ ಗಟ್ಟಿಯಾಗಿದೆ ಅಂತ ಬರೆದ. ಮೊದಲನೇ ಕಂಬದ ಮೇಲೆ ಒಂದು ಕಾಗೆ ಬಂದು ಕೂತಿತು. ಕಂಬ ಮಲಗಿತು. ಹೋಗಿ ನೋಡಿದರೆ ಬಾಳೆದಿಂಡು, ಮೇಲೆ ಸುಣ್ಣ!

ಉಗ್ರಪ್ಪನನ್ನು ಓಡಿಸಲಿಲ್ಲವಾ ಅಂತೀರಾ? ಓಡಿಸೋ ಅಧಿಕಾರ ಇದ್ದವನು ಅವನ ಸೋದರಮಾವ. ತೆಪ್ಪಗೆ ಕೇಳಿ.

ದೊರೆ ಮೀಸೆ ಕುಣಿಸಿದ. ಕಟ್ಟಳೆ ಬರೆಯುವ ಶಾನುಭೋಗ ಅಣ್ಣಾಜಯ್ಯ ಓಡಿ ಬಂದ. ಕೂತು ಬರೆದ. ಏನಂತ? "ಆನೆಗಿಂತ ದೊಡ್ಡ ಕೆಲಸ ಯಾವುದೇ ಇರಲಿ, ಅದನ್ನು ನೋಡುವವರಿಗೆ ಆ ಊರಿನಲ್ಲಿ ನೆಂಟರಿರಬಾರದು. ಸ್ನೇಹಿತರಿರಬಾರದು. ಗುರುತಿನವರೂ ಇರಬಾರದು."

ಬರೆದಿದ್ದೇನೋ ಚೆನ್ನಾಗಿಯೇ ಬರೆದ. ಅಂಥವರು ಎಲ್ಲಿ ಸಿಗಬೇಕು? ಆ ಊರಲ್ಲಿ ಎಲ್ಲರೂ ಎಲ್ಲರಿಗೂ ನೆಂಟರೇ. ಇವನು ಅವನ ಷಡ್ಡಕ, ಅವನು ಇನ್ನೊಬ್ಬನ ದಾಯಾದಿ. ಬಳೆ ಮಾರುವವಳು ಯಾರಿಗೂ ಏನೂ ಆಗಬೇಕಿಲ್ಲ ಅಂದರು. ಅವಳು ಉಗ್ರಪ್ಪನಿಗೆ ಏನಾಗಬೇಕು ಅನ್ನೋದು ಉಗ್ರಪ್ಪನ ಹೆಂಡತಿಯೊಬ್ಬಳನ್ನು ಬಿಟ್ಟು ಊರಿಗೆಲ್ಲ ಗೊತ್ತಿತ್ತು. ಡಂಗುರ ಹೊಡೆಸಿದರು: "ಯಾರೂ ಇಲ್ಲದವರು ಬೇಕಾಗಿದ್ದಾರೆ! ಯಾರೂ ಇಲ್ಲದವರು ಬೇಕಾಗಿದ್ದಾರೆ!"

ಊರಾಚೆ ದಿಬ್ಬದ ಮೇಲೆ ಸಣ್ಣತಾಯಮ್ಮ ಅಂತ ಒಬ್ಬಳಿದ್ದಳು. ಎಲ್ಲಿಂದಲೋ ಬಂದವಳು, ಎಲ್ಲಿಂದ ಅಂತ ಯಾರೂ ಕೇಳಿರಲಿಲ್ಲ. ಮುತ್ತುಗದ ಎಲೆ ಹಚ್ಚಿ ಊಟದೆಲೆ ಮಾಡುತ್ತಿದ್ದಳು. ಊರಿನ ಮದುವೆಗೆಲ್ಲ ಅವಳದೇ ಎಲೆ. ಜನ ಬರುತ್ತಿದ್ದರು, ಮೋಟುಗೋಡೆ ಮೇಲೆ ರಾಗಿ ಇಡುತ್ತಿದ್ದರು, ಎಲೆ ಕಟ್ಟು ಎತ್ತಿಕೊಂಡು ಹೋಗುತ್ತಿದ್ದರು. ಗೋಡೆಯಾಚೆ ಇಣುಕುತ್ತಿರಲಿಲ್ಲ. ಮದುವೆಗೆ ಕರೆಯಲೂ ಇಲ್ಲ. ಕರೆದರೆ ಯಾವ ಕಡೆ ಕೂರಿಸೋದು ಹೇಳಿ? ಹೆಣ್ಣಿನ ಕಡೆಯವಳೂ ಅಲ್ಲ, ಗಂಡಿನ ಕಡೆಯವಳೂ ಅಲ್ಲ. ಊರೆಲ್ಲ ಉಂಡು ಬಿಸಾಕಿದ ಎಲೆ ಗಾಳಿಗೆ ದಿಬ್ಬದವರೆಗೂ ಹಾರಿ ಬರುತ್ತಿತ್ತು. ಅದರ ಮೇಲಿದ್ದ ಪಲ್ಯದ ಕಲೆ ನೋಡಿ, ಓಹೋ ಇವರ ಮನೇಲಿ ಹುರುಳಿಕಾಯಿ ಮಾಡಿದ್ದರು ಅಂತ ಅವಳು ತಿಳಿದುಕೊಳ್ಳುತ್ತಿದ್ದಳು.

ಅಂಥವಳ ಬಾಗಿಲಿಗೆ ಅಣ್ಣಾಜಯ್ಯ ಬಂದ. ಬಾಗಿಲು ತಟ್ಟಿದ. ಸಣ್ಣತಾಯಮ್ಮನಿಗೆ ಅದು ಬಾಗಿಲು ತಟ್ಟಿದ ಸದ್ದು ಅಂತ ಗೊತ್ತಾಗೋಕೇ ಹೊತ್ತು ಹಿಡಿಯಿತು.

"ತಾಯಿ, ನಿಮಗೆ ಯಾರಿದ್ದಾರೆ?"

"ಯಾರೂ ಇಲ್ಲ, ಸ್ವಾಮಿ."

"ಸರಿಯಾಗಿ ಯೋಚನೆ ಮಾಡಿ ಹೇಳಿ."

"ಅದನ್ನೇ ಮೂವತ್ತು ವರ್ಷದಿಂದ ಯೋಚನೆ ಮಾಡ್ತಿದೀನಿ. ಯಾರೂ ಇಲ್ಲ."

"ಭೇಷ್!" ಅಂದ ಅಣ್ಣಾಜಯ್ಯ. ಅವನ ಕಣ್ಣಲ್ಲಿ ನೀರೇ ಬಂತು. "ನೀವೇ ನಮಗೆ ಬೇಕಾದವರು!"

ನೀವೇ ಬೇಕಾದವರು ಅಂತ ಅವಳಿಗೆ ಯಾರೂ ಅಂದಿರಲಿಲ್ಲ. ಎಲೆ ಹಚ್ಚುವ ಕಡ್ಡಿ ಕೆಳಗಿಟ್ಟು ಹೊರಟೇ ಬಿಟ್ಟಳು. ಜನರ ಮಧ್ಯದ ಕೆಲಸ, ದಿನಾ ನಾಲ್ಕು ಮುಖ ಕಾಣಬಹುದು ಅಂದುಕೊಂಡಳು.

ಮುಖ ಎಲ್ಲಿ ಕಾಣಬೇಕು? ಅವಳು ಬಂದ ಕೂಡಲೇ ಒಬ್ಬ ಗಂಟೆ ಬಾರಿಸುತ್ತಿದ್ದ. "ನೋಟದಮ್ಮ ಬರ್ತಾವ್ರೆ, ತಿರುಗ್ರೋ!" ಕೆಲಸದವರೆಲ್ಲ ಬೆನ್ನು ತೋರಿಸಿ ನಿಲ್ಲುತ್ತಿದ್ದರು. ಮುಖ ನೋಡಿದರೆ ಗುರುತಾಗುತ್ತದೆ, ಗುರುತಾದರೆ ಕಟ್ಟಳೆ ಮುರಿಯುತ್ತದೆ. ಸಣ್ಣತಾಯಮ್ಮ ಬೆನ್ನುಗಳ ಮಧ್ಯೆ ನಡೆಯುತ್ತಿದ್ದಳು. ಕಂಬ ನೋಡುತ್ತಿದ್ದಳು. ಗಟ್ಟಿಯಿದ್ದರೆ ಅಂಗೈಗೆ ಸುಣ್ಣ ಬಳಿದು ಅಚ್ಚು ಒತ್ತುತ್ತಿದ್ದಳು.

ಒಂದು ದಿನ ಅಣ್ಣಾಜಯ್ಯ ಗೋಡೆಯಾಚೆಯಿಂದ ಕೂಗಿದ. "ತಾಯಿ, ನಿಮ್ಮ ಕೋಳಿ ಎಲ್ಲಿ?"

"ಇಲ್ಲೇ ಮೇಯ್ತಿದೆ. ಯಾಕೆ?"

"ನಿಮ್ಮ ಕೋಳಿಗೂ ಗಾರೆ ಮೇಸ್ತ್ರಿಯ ಹುಂಜಕ್ಕೂ ನಡೀತಿದೆಯಂತೆ. ಊರೆಲ್ಲ ಮಾತಾಡ್ತಿದ್ದಾರೆ. ಮರಿ ಬೇರೆ ಆಗಿದೆ. ಅಲ್ಲಿಗೆ ನೀವು ಮೇಸ್ತ್ರಿಗೆ ಬೀಗಿತ್ತಿ ಆದ್ರಿ!"

ಕೋಳಿಯನ್ನೂ ಮರಿಗಳನ್ನೂ ಗಡಿ ದಾಟಿಸಿದರು. ಹುಂಜಕ್ಕೆ ಏನೂ ಶಿಕ್ಷೆ ಇಲ್ಲ, ಗಂಡು ನೋಡಿ!

ಇನ್ನೊಂದು ದಿನ ಬಂದ. "ತಾಯಿ, ಉಗ್ರಪ್ಪನ ಅಜ್ಜಿಯ ಹೆಸರೂ ಸಣ್ಣತಾಯಮ್ಮನೇ ಅಂತೆ. ಹೆಸರಲ್ಲಿ ನೆಂಟಸ್ತನ ಬಂತು." ಹೆಸರನ್ನು ಬಿಚ್ಚಿಸಿಕೊಂಡು ಅರಮನೆಯ ಪೆಟ್ಟಿಗೆಯಲ್ಲಿ ಹಾಕಿದರು. ಕತೆ ಹೇಳೋಕೆ ಏನಾದರೂ ಅನ್ನಬೇಕಲ್ಲ, ನಾವು ಸಣ್ಣತಾಯಮ್ಮ ಅಂತಲೇ ಅನ್ನೋಣ. ನಮ್ಮ ಬಾಯಿಗೆ ಯಾವ ದೊರೆ ಪೆಟ್ಟಿಗೆ ಮಾಡಿಸಿದ್ದಾನೆ?

ಮೂರನೇ ಸಲ ಬಂದಾಗ ಅಣ್ಣಾಜಯ್ಯನಿಗೇ ನಾಚಿಕೆಯಾಗಿತ್ತು. "ಬೆಳಿಗ್ಗೆ ನಿಮ್ಮ ನೆರಳು ಕಂಬಕ್ಕೆ ಒರಗಿಕೊಂಡಿತ್ತಂತೆ. ಹೆಂಗಸಿನ ನೆರಳು, ಹಂಗೆಲ್ಲ ಒರಗಬಾರದಮ್ಮ." ನೆರಳನ್ನು ಚಾಪೆಯಂತೆ ಸುತ್ತಿ ಕಂಕುಳಲ್ಲಿಟ್ಟುಕೊಂಡು ಹೋದ.

ಕೋಳಿ ಇಲ್ಲ, ಹೆಸರಿಲ್ಲ, ನೆರಳಿಲ್ಲ. ಸಣ್ಣತಾಯಮ್ಮ ಮಟಮಟ ಮಧ್ಯಾಹ್ನ ಏಳನೇ ಕಂಬದ ಹತ್ತಿರ ಬಂದಳು. ಕೈ ಎತ್ತಿ ತಟ್ಟಿ ನೋಡಿದಳು.

"ಊಟ ಆಯ್ತಾ?" ಅಂದಿತು ಕಂಬ.

ಅವಳು ಹಿಂದೆ ತಿರುಗಿದಳು. ಯಾರೂ ಇಲ್ಲ, ಬರೀ ಬೆನ್ನುಗಳು.

"ನಿಮ್ಮನ್ನೇ ಕೇಳಿದ್ದು. ಊಟ ಆಯ್ತಾ?"

ಸಣ್ಣತಾಯಮ್ಮ ಅಲ್ಲೇ ಕುಸಿದು ಕೂತಳು. ಊರಿಗೆಲ್ಲ ಊಟದೆಲೆ ಹಚ್ಚಿದವಳನ್ನು ಆ ಮಾತು ಯಾರೂ ಕೇಳಿರಲಿಲ್ಲ. ಗಳಗಳ ಅತ್ತಳು. ಅತ್ತು ಮುಗಿಸಿ, "ಇಲ್ಲ, ಇನ್ನು ಮೇಲೆ ಮಾಡ್ಬೇಕು" ಅಂದಳು.

"ಏನು ಸಾರು?"

"ಹುರುಳಿ."

"ಒಗ್ಗರಣೆಗೆ ಬೆಳ್ಳುಳ್ಳಿ ಹಾಕ್ತೀರಾ?"

ಹಾಗೆ ಶುರುವಾಯಿತು. ಕಲ್ಲಿನ ಕಂಬ ಹೇಗೆ ಮಾತಾಡುತ್ತದೆ ಅಂತೀರಾ? ಕಲ್ಲಾಗಿದ್ದರೆ ಎಲ್ಲಿ ಮಾತಾಡುತ್ತಿತ್ತು! ಏಳನೇ ಕಂಬದ ಕಲ್ಲು ಉಗ್ರಪ್ಪನ ಹೊಸ ಮನೆಯ ಜಗಲಿಗೆ ಹೋಗಿತ್ತು. ಕಂಬಕ್ಕೆ ಮೇಲೆ ಒಂದು ಗೇಣು ಗಾರೆ, ಒಳಗೆಲ್ಲ ಹಳೇ ಹಾಸಿಗೆ. ಹೊಸದು ಹೊಲಿಸಿಕೊಡ್ತೀನಿ ಅಂತ ಉಗ್ರಪ್ಪ ಊರಿನ ಮನೆಮನೆಯಿಂದ ಎತ್ತಿಸಿಕೊಂಡು ಬಂದಿದ್ದ ಹಾಸಿಗೆ.

ಹಾಸಿಗೆಗೆ ಗೊತ್ತಿಲ್ಲದ ಗುಟ್ಟು ಯಾವುದಿದೆ ಹೇಳಿ? ಊರಿನ ವಿಷಯವೆಲ್ಲ ಆ ಕಂಬದ ಹೊಟ್ಟೆಯಲ್ಲಿತ್ತು. ಮೇಲಿನ ಬೀದಿಯ ಗಂಡಹೆಂಡಿರು ಹನ್ನೊಂದು ವರ್ಷದಿಂದ ಬೆನ್ನಿಗೆ ಬೆನ್ನು ಹಾಕಿ ಮಲಗುತ್ತಾರೆ. ದೊಡ್ಡ ವೈದ್ಯರು ಹಾಸಿಗೆ ಕೆಳಗೆ ಇನ್ನೊಬ್ಬ ವೈದ್ಯರ ಮಾತ್ರೆ ಬಚ್ಚಿಟ್ಟಿದ್ದಾರೆ. ಅಣ್ಣಾಜಯ್ಯ ನಿದ್ದೆಯಲ್ಲಿ ಕಟ್ಟಳೆ ಕನವರಿಸುತ್ತಾನೆ, ಅವನ ಹೆಂಡತಿ ನಿದ್ದೆಯಲ್ಲೇ ಅದನ್ನು ಮುರಿಯುತ್ತಾಳೆ. ಸಣ್ಣತಾಯಮ್ಮ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ದಿನಾ ಬಂದಳು, ದಿನಾ ನಕ್ಕಳು. ಬೇರೆ ಕಂಬಕ್ಕೆಲ್ಲ ಅಚ್ಚು ಬಿತ್ತು. ಏಳನೆಯದಕ್ಕೆ ಮಾತ್ರ ಬೀಳಲಿಲ್ಲ. "ಇನ್ನೂ ನೋಡ್ತಿದೀನಿ" ಅನ್ನುತ್ತಿದ್ದಳು.

ಗಾಡಿ ಓಡುವ ದಿನ ಹತ್ತಿರ ಬಂತು. ಒಂದು ದಿನ ಕಂಬ ನಗಲಿಲ್ಲ.

"ಅಕ್ಕಾ, ಒಂದು ಮಾತು. ಊರಿಗೆ ಊರೇ ಗಾಡಿ ಹತ್ತುತ್ತಂತೆ. ನನ್ನ ಕೈಲಿ ಹೊರೋಕಾಗಲ್ಲ. ಹಾಸಿಗೆ ನಾನು, ಮೇಲೆ ಭಾರ ಬಿದ್ರೆ ತಗ್ಗಿಹೋಗ್ತೀನಿ."

ಸಣ್ಣತಾಯಮ್ಮ ಕಂಬದ ಗಾರೆಯ ಮೇಲೆ ಕೈಯಾಡಿಸಿದಳು. "ಹೇಳಿಬಿಟ್ರೆ ನಿನ್ನ ಕೆಡವ್ತಾರೆ" ಅಂದಳು.

"ಹೇಳದಿದ್ರೆ ಎಲ್ಲರನ್ನೂ ನಾನೇ ಕೆಡವ್ತೀನಿ."

ಈ ಸುದ್ದಿ ಗಾಳಿಯಲ್ಲಿ ಉಗ್ರಪ್ಪನಿಗೆ ಮುಟ್ಟಿತು. ಬಂದ. ಮುಖ ನೋಡಬಾರದಲ್ಲ, ಬೆನ್ನು ತೋರಿಸಿಕೊಂಡೇ ಹಿಂದಕ್ಕೆ ಹಿಂದಕ್ಕೆ ನಡೆದು ಬಂದ. ದಾರಿಯಲ್ಲಿ ಎರಡು ಸಲ ಎಡವಿದ.

"ನೋಟದಮ್ಮ, ಏಳನೆಯದಕ್ಕೆ ಅಚ್ಚು ಒತ್ತಿಬಿಡಿ. ಬೇರೆ ನೋಟಗಾರರಿಗೆ ಕೊಡೋ ದುಡ್ಡನ್ನ ನಿಮಗೆ ಕೊಡಲ್ಲ ನಾನು. ನಿಮಗೆ ನೆಂಟರನ್ನ ಕೊಡ್ತೀನಿ."

"ನೆಂಟರನ್ನಾ?"

"ಮೂವರು ನಾದಿನಿಯರು. ಒಬ್ಬಳು ಚಿಕ್ಕಮ್ಮ, ಸ್ವಲ್ಪ ಬಾಯಿ ಜೋರು, ಮನಸ್ಸು ಒಳ್ಳೇದು. ಮೊಮ್ಮಕ್ಕಳು ಎಷ್ಟು ಬೇಕೋ ಅಷ್ಟು. ನಾನೇ ನಿಮ್ಮನ್ನ ಅತ್ತೆ ಅಂತೀನಿ. ಮುಂದಿನ ಮದುವೇಲಿ ಹೆಣ್ಣಿನ ಕಡೆ ಮುಂದಿನ ಸಾಲಲ್ಲಿ ಕೂರಿಸ್ತೀನಿ. ಎರಡು ಸಲ ಪಾಯಸ ಬಡಿಸ್ತಾರೆ, ಬೇಡ ಬೇಡ ಅಂದ್ರೂ ಬಡಿಸ್ತಾರೆ."

ಬೇಡ ಅಂದರೂ ಬಡಿಸ್ತಾರೆ! ಸಣ್ಣತಾಯಮ್ಮನ ಕೈ ಸುಣ್ಣದ ಕುಡಿಕೆಯೊಳಗೆ ಹೋಯಿತು. ಹೋಗದೆ ಇರುತ್ತಾ? ನಿಮ್ಮದಾದರೂ ಹೋಗುತ್ತಿತ್ತು. ಬೆಳ್ಳಗಾದ ಅಂಗೈಯನ್ನು ಕಂಬದ ಹತ್ತಿರ ತಂದಳು. ಕಂಬ ಬೇಡ ಅನ್ನಲಿಲ್ಲ, ಬೇಕು ಅನ್ನಲಿಲ್ಲ. ಅವಳೇ ಕೇಳಿದಳು.

"ಉಗ್ರಪ್ಪ, ಆ ಚಿಕ್ಕಮ್ಮ ಗಾಡಿ ಹತ್ತುತ್ತಾಳಾ?"

"ಅವಳೇ ಮೊದಲು. ಕಿಟಕಿ ಪಕ್ಕದ ಜಾಗವೇ ಬೇಕಂತೆ."

"ಮೊಮ್ಮಕ್ಕಳು?"

"ಅವಳ ತೊಡೆ ಮೇಲೆ."

ಸಣ್ಣತಾಯಮ್ಮ ಕೈಯ ಸುಣ್ಣವನ್ನು ಸೀರೆಗೆ ಒರೆಸಿಕೊಂಡಳು. ನೆಟ್ಟಗೆ ಅರಮನೆಗೆ ಹೋದಳು. "ಏಳನೇ ಕಂಬದ ಒಳಗೆ ಕಲ್ಲಿಲ್ಲ, ಹಾಸಿಗೆ ಇದೆ" ಅಂದಳು.

ಕಂಬದ ಬುಡದಲ್ಲೇ ಪಂಚಾಯ್ತಿ ಸೇರಿತು. ದೊರೆ ಮೀಸೆಗೆ ಬಟ್ಟೆ ಮುಚ್ಚಿಕೊಂಡು ಬಂದ. ಊರೆಲ್ಲ ಬಂದು ಬೆನ್ನು ತೋರಿಸಿ ಕೂತಿತು.

"ಇದು ಕಂಬದ ಸ್ನೇಹಿತೆ, ಬುದ್ಧಿ!" ಅಂತ ಉಗ್ರಪ್ಪ ಕೂಗಿದ. "ದಿನಾ ಕೂತು ಹರಟೆ ಹೊಡೀತಾಳೆ. ನಗು ನಾವೆಲ್ಲ ಬೆನ್ನಿನಲ್ಲೇ ಕೇಳಿದೀವಿ."

ಅಣ್ಣಾಜಯ್ಯ ಕಟ್ಟಳೆ ತೆಗೆದು ಓದಿದ. "ಕಂಬ ಇವಳಿಗೆ ಗುರುತಿದ್ದರೆ ಇವಳು ನೋಟದವಳಲ್ಲ. ನೋಟದವಳಲ್ಲದಿದ್ದರೆ ಇವಳು ಹೇಳಿದ್ದು ಸುಳ್ಳು. ಸುಳ್ಳಾದರೆ ಕಂಬ ಗಟ್ಟಿ. ಗಟ್ಟಿಯಾದರೆ ನಾಳೆ ಗಾಡಿ ಓಡಬೇಕು, ಎಲ್ಲರೂ ಹತ್ತಬೇಕು."

"ಒಡೆದು ನೋಡಿದ್ರೆ ಗೊತ್ತಾಗಲ್ವಾ?" ಅಂತ ಬಳೆ ಮಾರುವವಳು ಕೇಳಿದಳು.

"ಗಟ್ಟಿ ಕಂಬವನ್ನ ಒಡೆಯೋದು ಅಪರಾಧ. ಗಟ್ಟಿ ಅಲ್ಲ ಅಂತ ಗೊತ್ತಾಗೋವರೆಗೂ ಒಡೆಯೋ ಹಾಗಿಲ್ಲ" ಅಂದ ಅಣ್ಣಾಜಯ್ಯ. ಸಣ್ಣತಾಯಮ್ಮನನ್ನು ಕೇಳಿದ. "ಹೇಳಿ ತಾಯಿ. ಈ ಕಂಬ ನಿಮಗೆ ಗೊತ್ತಾ?"

ಸಣ್ಣತಾಯಮ್ಮ ಕಂಬ ನೋಡಿದಳು. ಲೋಕದಲ್ಲಿ ಅವಳಿಗೆ ಗೊತ್ತಿದ್ದದ್ದೇ ಅದೊಂದು. ಗೊತ್ತು ಅಂದರೆ ಇವತ್ತೊಂದು ದಿನ ಅದು ನಿಂತಿರುತ್ತದೆ, ಅವಳ ಜೊತೆಗಿರುತ್ತದೆ. ನಾಳೆ ಚಿಕ್ಕಮ್ಮ ಕಿಟಕಿ ಪಕ್ಕ ಕೂರುತ್ತಾಳೆ.

"ಗೊತ್ತಿಲ್ಲ" ಅಂದಳು.

"ಒಂದು ದಿನವೂ ಮಾತಾಡಿಲ್ವಾ?"

"ಇಲ್ಲ."

"ಸುಳ್ಳು!" ಅಂದ ಉಗ್ರಪ್ಪ. "ಕಂಬವನ್ನೇ ಕೇಳಿ!"

ಅಣ್ಣಾಜಯ್ಯ ಕನ್ನಡಕ ಸರಿಮಾಡಿಕೊಂಡು ಕಂಬವನ್ನು ಕೇಳಿದ. "ಏನಪ್ಪ ಕಂಬ, ಈ ತಾಯಿ ನಿನಗೆ ಗೊತ್ತಾ?"

ಕಂಬದೊಳಗೆ ಏನೋ ಹೊರಳಿದ ಹಾಗಾಯಿತು.

"ಯಾರೋ ಗೊತ್ತಿಲ್ಲ, ಸ್ವಾಮಿ" ಅಂದಿತು ಕಂಬ. "ದಾರೀಲಿ ಎಷ್ಟೋ ಜನ ಹೋಗ್ತಿರ್ತಾರೆ."

ಎಷ್ಟು ಸರಾಗವಾಗಿ ಅಂದಿತು ಅಂದರೆ, ಒಂದು ಗಳಿಗೆ ಸಣ್ಣತಾಯಮ್ಮನೇ ನಂಬಿದಳು.

ಗುರುತಿಲ್ಲ ಅಂದಮೇಲೆ ಅವಳ ನೋಟ ನಿಜವಾಯಿತು; ಅವಳ ಮಾತು ನಿಂತಿತು, ಒಡೆದರು, ಕಂಬ ಬಿತ್ತು. ಒಳಗಿಂದ ಹಾಸಿಗೆ ಮೇಲೆ ಹಾಸಿಗೆ ಉರುಳಿದವು. ನಮ್ಮದು, ನಮ್ಮದು ಅಂತ ಜನ ಓಡಿ ಬಂದರು, ಪಕ್ಕದ ಮನೆಯವಳ ಹಾಸಿಗೆಯಲ್ಲಿ ತನ್ನ ಗಂಡನ ಉಂಗುರ ಸಿಕ್ಕಿ ಒಬ್ಬಳು ಅಲ್ಲೇ ಜುಟ್ಟು ಹಿಡಿದಳು, ಆ ಜಗಳದ ಕತೆ ಬೇರೆಯೇ ಇದೆ, ಮಕ್ಕಳು ಕೇಳುವಂಥದ್ದಲ್ಲ. ಉಗ್ರಪ್ಪನ ಜಗಲಿ ಕಿತ್ತು ಹೊಸ ಕಂಬ ಕಟ್ಟಿದರು. ಅದು ಒಣಗುವವರೆಗೂ ಉಗ್ರಪ್ಪನೇ ಕಂಬದ ಜಾಗದಲ್ಲಿ ತಲೆ ಕೊಟ್ಟು ನಿಲ್ಲಬೇಕು ಅಂತ ಶಿಕ್ಷೆಯಾಯಿತು. ನಿಂತ. ಅವನ ನೆಂಟರೆಲ್ಲ ಸುತ್ತ ನಿಂತು ಅವನನ್ನು ಹಿಡಿದುಕೊಂಡರು. ಅಷ್ಟು ಜನ ಇದ್ದರು ನೋಡಿ ಅವನಿಗೆ.

ಹತ್ತಿ ಹಾರಿ ಊರೆಲ್ಲ ಬೆಳ್ಳಗಾಯಿತು. ಒಂದೆಳೆ ಸಣ್ಣತಾಯಮ್ಮನ ಸೆರಗಿಗೆ ಅಂಟಿಕೊಂಡಿತು. ಅಣ್ಣಾಜಯ್ಯ ಹುಷಾರಾಗಿ ಅದನ್ನು ಬಿಡಿಸಿಕೊಂಡ. "ಸಾಕ್ಷಿ, ತಾಯಿ" ಅಂದ.

ದೊರೆಗೆ ಸಂತೋಷವೋ ಸಂತೋಷ. "ಇಷ್ಟು ಚೊಕ್ಕವಾಗಿ ಯಾರೂ ಇಲ್ಲದವಳು ಇನ್ನೊಬ್ಬಳು ಸಿಗಲ್ಲ. ಇನ್ನು ರಾಜ್ಯದಲ್ಲಿ ಎಲ್ಲಿ ಕಂಬ ಎತ್ತಿದರೂ ಇವಳೇ ನೋಡಲಿ. ಸಾಯೋವರೆಗೂ ನೋಡಲಿ" ಅಂತ ಅಪ್ಪಣೆ ಕೊಟ್ಟ.

ಈಗಲೂ ನೋಡುತ್ತಾಳೆ. ಊರಿಂದೂರಿಗೆ ಹೋಗುತ್ತಾಳೆ. ಒಂದೊಂದು ಕಂಬಕ್ಕೂ ಕೆನ್ನೆಯಿಟ್ಟು, ಕಣ್ಣು ಮುಚ್ಚಿ, ಎಷ್ಟೋ ಹೊತ್ತು ಕಿವಿಗೊಟ್ಟು ಕೇಳುತ್ತಾಳೆ. ಎಂಥಾ ನಿಯತ್ತು ಅಂತ ಜನ ಬೆನ್ನು ತಿರುಗಿಸಿಕೊಂಡೇ ಹೊಗಳುತ್ತಾರೆ. ಯಾವುದಾದರೂ ಒಂದು ಕಂಬ ಮಾತಾಡೀತಾ ಅಂತ ಅವಳು ಕಾಯುತ್ತಾಳೆ. ಮಾತಾಡಿದರೆ ಕೆಡವಿಸಬೇಕು ಅಂತಲೂ ಅವಳಿಗೆ ಗೊತ್ತು. ಎಲ್ಲ ಕಂಬವೂ ಗಟ್ಟಿ. ಅಚ್ಚು ಒತ್ತುತ್ತಾಳೆ, ಮುಂದಿನದಕ್ಕೆ ಹೋಗುತ್ತಾಳೆ.

ನೀತಿ ಬೇಕಾ? ಹಾಸಿಗೆಯನ್ನು ಗುತ್ತಿಗೆದಾರರಿಗೆ ಕೊಡಬೇಡಿ, ಅದೇ ನೀತಿ. ಗಾಡಿ ಅರಮನೆಯ ಹಿಂಬಾಗಿಲಿಗೆ ಹೋಯಿತು, ಕತೆ ನಿಮ್ಮ ಮುಂಬಾಗಿಲಿಗೆ ಬಂತು. ಒಳಗೆ ಕರೆದರೆ ಕರೀರಿ, ಇಲ್ಲದಿದ್ದರೆ ಅಲ್ಲೇ ನಿಂತಿರುತ್ತದೆ.