ಮೊದಲ ಸರದಿ

ಶಿಷ್ಯನೊಬ್ಬ ಗುರುಗಳ ಬಳಿ ಬಂದು ಕೇಳಿದ:

"ಗುರುಗಳೇ, ಮಠದ ಹೊಸ ಪಾಠಶಾಲೆಯನ್ನು ಯಾರಿಗೆ ವಹಿಸಬೇಕೆಂದು ನಿನ್ನೆ ನಾವೆಲ್ಲ ಕೂಡಿ ಮಾತಾಡಿದೆವು. ನಾನು ಒಬ್ಬನ ಹೆಸರು ಹೇಳಿದೆ. ಉಳಿದವರು ಇನ್ನೊಬ್ಬನನ್ನು ಆರಿಸಿದರು. ಅವರ ಆಯ್ಕೆ ತಪ್ಪೆಂದೇ ನನಗೆ ಈಗಲೂ ಅನ್ನಿಸುತ್ತದೆ. ನಾಳೆ ಶಾಲೆ ಕೆಟ್ಟರೆ ಅದರಲ್ಲಿ ನನ್ನ ಪಾಲು ಎಷ್ಟು?"

ಗುರುಗಳು ಅವನನ್ನು ಕೂರಲು ಹೇಳಿ, ಈ ಕತೆ ಹೇಳಿದರು.

ಒಂದು ನಾಡಿನ ಜನರಿಗೆ ಕಾಲ್ಚೆಂಡಾಟವೆಂದರೆ ಪ್ರಾಣ. ಪ್ರತಿ ಊರಿಗೂ ಒಂದು ತಂಡವಿತ್ತು. ಸುಗ್ಗಿ ಮುಗಿದ ಮೇಲೆ ಊರುಗಳು ಒಂದರೊಡನೊಂದು ಆಡುತ್ತಿದ್ದವು. ನಾಡಿನ ನಡುವೆ ಒಂದು ದೊಡ್ಡ ಬಯಲಿತ್ತು. ಅಲ್ಲಿ ಒಬ್ಬ ಉಸ್ತಾದ ಹುಡುಗರಿಗೆ ಆಟ ಕಲಿಸುತ್ತಿದ್ದ. ಕಲಿತು ಮುಗಿಸಿದವರನ್ನು ವರ್ಷಕ್ಕೊಮ್ಮೆ ಬಯಲಿನಲ್ಲಿ ಸಾಲಾಗಿ ನಿಲ್ಲಿಸುತ್ತಿದ್ದ. ಊರುಗಳು ತಮ್ಮ ತಮ್ಮ ಸರದಿ ಬಂದಾಗ ಒಬ್ಬೊಬ್ಬನನ್ನು ಆರಿಸಿಕೊಂಡು ಹೋಗಬೇಕು. ಹಿಂದಿನ ವರ್ಷ ಎಲ್ಲರಿಗಿಂತ ಹೆಚ್ಚು ಸೋತ ಊರಿಗೆ ಮೊದಲ ಸರದಿ. ಗೆದ್ದ ಊರಿಗೆ ಕೊನೆಯ ಸರದಿ. ಸೋತವರು ಸೋಲುತ್ತಲೇ ಇರಬಾರದೆಂದು ಹಿರಿಯರು ಮಾಡಿದ ಏರ್ಪಾಡು ಅದು. ಬೇಕೆಂದರೆ ಒಂದು ಊರು ತನ್ನ ಸರದಿಯನ್ನು ಇನ್ನೊಂದು ಊರಿಗೆ ಬಿಟ್ಟುಕೊಟ್ಟು, ಬದಲಿಗೆ ಅವರ ಸರದಿಗಳನ್ನು ಪಡೆಯಬಹುದಿತ್ತು.

ಆ ನಾಡಿನಲ್ಲಿ ನೇಕಾರರ ಊರೊಂದಿತ್ತು. ಅವರ ತಂಡ ತೀರ ಸೋಲುತ್ತಲೂ ಇರಲಿಲ್ಲ, ಗೆಲ್ಲುತ್ತಲೂ ಇರಲಿಲ್ಲ. ಹಾಗಾಗಿ ಅವರಿಗೆ ಯಾವಾಗಲೂ ನಡುವಿನ ಸರದಿ ಸಿಗುತ್ತಿತ್ತು. ನಡುವಿನ ಸರದಿಯಲ್ಲಿ ನಡುವಿನ ಹುಡುಗರು ಸಿಗುತ್ತಿದ್ದರು. ಮತ್ತೆ ತಂಡ ನಡುವಿನಲ್ಲೇ ಉಳಿಯುತ್ತಿತ್ತು. ಆದರೂ ಆ ಊರಿನವರು ತಲೆ ತಗ್ಗಿಸಿದವರಲ್ಲ. ಬೇರೆ ತಂಡಗಳು ಅಂಗಿಯನ್ನು ಸಂತೆಯಲ್ಲಿ ಕೊಂಡು ತೊಡುತ್ತಿದ್ದವು. ಇವರ ಆಟಗಾರರು ತೊಡುತ್ತಿದ್ದ ನೀಲಿ ಅಂಗಿಯ ನೂಲನ್ನು ಊರಿನ ಹೆಂಗಸರು ಸುತ್ತುತ್ತಿದ್ದರು, ಬಣ್ಣಗಾರರು ಅದ್ದುತ್ತಿದ್ದರು, ನೇಕಾರರು ನೇಯುತ್ತಿದ್ದರು. ಎಷ್ಟು ಸಲ ಒಗೆದರೂ ಅದರ ಬಣ್ಣ ಹೋಗುವುದಿಲ್ಲವೆಂದು ಅವರು ಕೇಳಿದವರಿಗೂ ಕೇಳದವರಿಗೂ ಹೇಳುತ್ತಿದ್ದರು.

ಒಂದು ವರ್ಷ ಬಯಲಿನಲ್ಲಿ ಭರಮನೆಂಬ ಹುಡುಗ ಕಲಿತು ಮುಗಿಸಿದ. ಅವನ ಆಟ ನೋಡಿ ಬಂದವರು ಬೇರೆ ಮಾತನ್ನೇ ಆಡುತ್ತಿರಲಿಲ್ಲ. ಚೆಂಡು ಅವನ ಕಾಲಿಗೆ ಬಂದರೆ ಎದುರಿನವರು ನಿಂತಲ್ಲೇ ನಿಲ್ಲುತ್ತಿದ್ದರಂತೆ. ಮೊದಲ ಸರದಿ ಯಾರದೋ ಅವರು ಅವನನ್ನೇ ಒಯ್ಯುತ್ತಾರೆಂಬುದರಲ್ಲಿ ಯಾರಿಗೂ ಅನುಮಾನವಿರಲಿಲ್ಲ.

ಆ ವರ್ಷ ಮೊದಲ ಸರದಿ ಕೋಟೆಯ ಊರಿನದು. ಕೋಟೆಯವರ ತಂಡದಲ್ಲಿ ವಯಸ್ಸಾದವರೇ ಹೆಚ್ಚಾಗಿದ್ದರು. ಅವರಿಗೆ ಒಬ್ಬ ಸಾಲದು, ಹಲವರು ಬೇಕಿತ್ತು. ಅವರು ನೇಕಾರರ ಊರಿಗೆ ಹೇಳಿ ಕಳುಹಿಸಿದರು: "ನಿಮ್ಮ ಈ ವರ್ಷದ ಸರದಿ, ಮುಂದಿನ ಎರಡು ವರ್ಷಗಳ ಸರದಿ ನಮಗೆ ಕೊಡಿ. ನಮ್ಮ ಮೊದಲ ಸರದಿ ನಿಮಗೆ."

ಆ ಊರಿನಲ್ಲಿ ಸಂಜೆ ಮಗ್ಗ ನಿಂತ ಮೇಲೆ ಜನ ಬಣ್ಣಗಾರರ ಅಂಗಳದಲ್ಲಿ ಸೇರುತ್ತಿದ್ದರು. ಅಂದಿನಿಂದ ಅಲ್ಲಿ ಇದೇ ಚರ್ಚೆ. ನಡುವಿನ ಸರದಿಯಲ್ಲಿ ಸಿಗಬಹುದಾದ ಹುಡುಗರನ್ನೂ ಜನ ಅಳೆದರು, ತೂಗಿದರು. ಒಬ್ಬ ಎತ್ತರದವನು, ತಲೆಯಿಂದ ಚೆಂಡು ಹೊಡೆಯುವುದರಲ್ಲಿ ಗಟ್ಟಿಗ, ಆದರೆ ತಿರುಗುವುದು ನಿಧಾನ. ಇನ್ನೊಬ್ಬ ಎಡಗಾಲಿನವನು, ಬಲ ಕಡಿಮೆ, ಆದರೆ ಎಂದೂ ಗಾಬರಿಯಾಗುವವನಲ್ಲ. ಇವರಲ್ಲಿ ಯಾರಾದರೂ ಸಾಕೆಂದು ಕೆಲವರು. ಭರಮನಿಲ್ಲದೆ ಬಾಳೇ ಇಲ್ಲವೆಂದು ಕೆಲವರು. ಬೀಗರು ಬೀಗರೊಡನೆ ಮಾತು ಬಿಟ್ಟರು. ಒಂದು ಮನೆಯಲ್ಲಿ ಅತ್ತೆ ಭರಮನ ಕಡೆ, ಸೊಸೆ ಎಡಗಾಲಿನವನ ಕಡೆ ಆಗಿ, ಆ ಮನೆಯ ಗಂಡಸರು ತಮ್ಮ ಊಟ ತಾವೇ ಬಡಿಸಿಕೊಂಡರು.

ಭರಮನ ಪರವಾಗಿ ಮಾತಾಡಿದವನು ಒಬ್ಬ ನೇಕಾರ. ಬೇಡವೆಂದವನು ಒಬ್ಬ ಗಾಣಿಗ. ಇಬ್ಬರೂ ಚಿಕ್ಕಂದಿನ ಗೆಳೆಯರು, ಹರೆಯದಲ್ಲಿ ಒಂದೇ ತಂಡದಲ್ಲಿ ಆಡಿದವರು.

ಗಾಣಿಗ ಹೇಳಿದ: "ಆಡುವುದು ಹನ್ನೊಂದು ಜನ. ಮೂವರು ಬರುವ ಕಡೆ ಒಬ್ಬನನ್ನು ತಂದರೆ ಉಳಿದ ಜಾಗಕ್ಕೆ ಯಾರನ್ನು ನಿಲ್ಲಿಸುತ್ತೀರಿ?"

ನೇಕಾರ ಕೇಳಿದ: "ನಿನ್ನ ಗಾಣವನ್ನು ತಿರುಗಿಸುವುದು ಒಂದೇ ಎತ್ತಲ್ಲವೇ?"

"ಹೌದು. ಅದು ಮಲಗಿದ ದಿನ ನನ್ನ ಮನೆಯಲ್ಲಿ ಎಣ್ಣೆ ಇರುವುದಿಲ್ಲ."

ಅಂಗಳದವರೆಲ್ಲ ನಕ್ಕರು. ನೇಕಾರ ನಗಲಿಲ್ಲ. ಅವನು ಎದ್ದು ನಿಂತು ಹೇಳಿದ: "ನಮ್ಮ ಅಪ್ಪಂದಿರು ನಡುವಿನಲ್ಲೇ ಇದ್ದು ಹೋದರು. ನಾವೂ ನಡುವಿನಲ್ಲೇ ಮುದುಕರಾದೆವು. ನಮ್ಮ ಮಕ್ಕಳಾದರೂ ಒಂದು ಸಲ ಮೊದಲ ಸರದಿಯವನನ್ನು ನಮ್ಮ ಅಂಗಿಯಲ್ಲಿ ನೋಡಲಿ."

ಮರುದಿನ ಊರು ಕೈ ಎತ್ತಿತು. ಕೆಲವೇ ಕೈಗಳ ಅಂತರದಲ್ಲಿ ನೇಕಾರನ ಮಾತು ಗೆದ್ದಿತು.

ಬಯಲಿಗೆ ಹೋಗಿ ಆರಿಸಿದವನ ಹೆಸರು ಕೂಗುವುದು ಮೊದಲಿನಿಂದಲೂ ಗಾಣಿಗನ ಕೆಲಸ. ನೇಕಾರ ಅವನ ಮನೆಗೆ ಹೋಗಿ ಹೇಳಿದ: "ನಿನಗೆ ಮನಸ್ಸಿಲ್ಲದಿದ್ದರೆ ಈ ಸಲ ನಾನು ಹೋಗುತ್ತೇನೆ."

ಗಾಣಿಗ ಹೇಳಿದ: "ನಿನ್ನ ದನಿ ಪಕ್ಕದಲ್ಲಿ ನಿಂತವನಿಗೂ ಕೇಳಿಸುವುದಿಲ್ಲ. ನಾನೇ ಹೋಗುತ್ತೇನೆ."

ಅವನು ಒಗೆದ ಬಟ್ಟೆ ಉಟ್ಟು, ನೀಲಿ ರುಮಾಲು ಸುತ್ತಿಕೊಂಡು ಹೋದ. ಸರದಿ ಬದಲಾಯಿಸುವ ಮುನ್ನ ಕೋಟೆಯ ಮುಖಂಡ ಅವನನ್ನು ಕೆಣಕಿದ: "ಇದಕ್ಕೆ ನಿಮ್ಮಲ್ಲಿ ಎಲ್ಲರ ಒಪ್ಪಿಗೆ ಇದೆಯೋ? ಏನೋ ಜಗಳವಾಯಿತೆಂದು ಕೇಳಿದೆ."

"ನಮ್ಮ ಊರು ಒಪ್ಪಿದೆ" ಎಂದು ಗಾಣಿಗ ಹೇಳಿದ. ಆಮೇಲೆ ಬಯಲಿನ ನಡುವೆ ನಿಂತು ಭರಮನ ಹೆಸರನ್ನೂ ಅದರ ಜೊತೆಗೆ ತನ್ನ ಊರಿನ ಹೆಸರನ್ನೂ ಕೂಗಿದ. ಅಷ್ಟು ದೊಡ್ಡ ದನಿಯಲ್ಲಿ ಅವನು ಹಿಂದೆಂದೂ ಕೂಗಿರಲಿಲ್ಲವೆಂದು ಅಲ್ಲಿದ್ದವರು ಹೇಳುತ್ತಾರೆ.

ಭರಮ ಬಂದ. ಅವನ ಬಗ್ಗೆ ಜನ ಹೇಳಿದ್ದೆಲ್ಲ ನಿಜವಾಗಿತ್ತು. ನೀಲಿ ಅಂಗಿಯ ತಂಡ ಆಡಿದ ಆಟವನ್ನೆಲ್ಲ ಗೆಲ್ಲತೊಡಗಿತು. ದೂರದ ಊರುಗಳಿಂದ ಜನ ಬಂಡಿ ಕಟ್ಟಿಕೊಂಡು ನೋಡಲು ಬಂದರು. ನೇಕಾರನನ್ನು ಕಂಡವರು ಕೈ ಮುಗಿದರು.

ಅಂಬಿಗರ ಊರಿನ ಮೇಲೆ ಆಡುವಾಗ ಭರಮ ಓಡುತ್ತಿದ್ದವನು ಒಮ್ಮೆಗೇ ಬಿದ್ದ. ಯಾರೂ ಅವನನ್ನು ತಳ್ಳಿರಲಿಲ್ಲ. ಮೊಣಕಾಲು ತಿರುಚಿಕೊಂಡಿತ್ತು. ಅವನನ್ನು ಬಾಗಿಲ ಹಲಗೆಯ ಮೇಲೆ ಮಲಗಿಸಿ ಊರಿಗೆ ತಂದರು. ನೋಡಿದ ವೈದ್ಯ, ಆ ವರ್ಷ ಅವನು ಆಡುವುದಿಲ್ಲವೆಂದ. ಮುಂದೆ ಆಡುತ್ತಾನೆಂದೂ ಹೇಳಲಿಲ್ಲ.

ಅವತ್ತು ಸಂಜೆ ಬಣ್ಣಗಾರರ ಅಂಗಳ ತುಂಬಿತ್ತು. ನೇಕಾರ ಬಂದಿರಲಿಲ್ಲ. ಎಲ್ಲರೂ ಗಾಣಿಗನ ಮುಖ ನೋಡುತ್ತಿದ್ದರು. ಅವನು ಈಗ ಏನು ಹೇಳುತ್ತಾನೆಂಬುದು ಎಲ್ಲರಿಗೂ ಗೊತ್ತಿತ್ತು. ಹೇಳುವ ಹಕ್ಕೂ ಅವನಿಗಿತ್ತು.

ಗಾಣಿಗ ಕೇಳಿದ: "ಹುಡುಗ ಊಟ ಮಾಡಿದನೇ?"

ಯಾರಿಗೂ ತಿಳಿದಿರಲಿಲ್ಲ. ಅವನು ಎದ್ದು ಹೋಗಿ ಭರಮನನ್ನು ತನ್ನ ಮನೆಗೆ ಕರೆತಂದ.

ಮರುದಿನ ಅವನು ಎಳ್ಳೆಣ್ಣೆ ಕಾಯಿಸಿಕೊಂಡು ನೇಕಾರನ ಮನೆಯ ಬಾಗಿಲು ತಟ್ಟಿದ. ನೇಕಾರ ತೆರೆಯಲಿಲ್ಲ. ಗಾಣಿಗ ಹೊರಗಿನಿಂದಲೇ ಹೇಳಿದ: "ಎಣ್ಣೆ ತೆಗೆಯುವುದು ನನಗೆ ಗೊತ್ತು. ಹುಡುಗನ ಮೊಣಕಾಲಿಗೆ ತಿಕ್ಕುವ ನಾಜೂಕು ನನ್ನ ಕೈಯಲ್ಲಿಲ್ಲ. ನೂಲು ಹಿಡಿಯುವ ಕೈ ಬೇಕು. ಎಣ್ಣೆ ಆರುವುದರೊಳಗೆ ಬಾ."

ನೇಕಾರ ಬಂದ. ಅಂದಿನಿಂದ ದಿನವೂ ಬಂದ.

ಭರಮನಿಗೆ ನಾಚಿಕೆಯಾಗುತ್ತಿತ್ತು. ಒಂದು ದಿನ ಅವನು ಗಾಣಿಗನಿಗೆ ಹೇಳಿದ: "ದೊಡ್ಡಪ್ಪ, ನನ್ನನ್ನು ನಮ್ಮೂರಿಗೆ ಕಳಿಸಿಬಿಡಿ. ನನ್ನಿಂದ ನಿಮಗೆಲ್ಲ ಅವಮಾನ."

ಗಾಣಿಗ ಹೇಳಿದ: "ಕಾಲು ನೆಟ್ಟಗಾಗಲಿ, ನಿನ್ನ ತಾಯಿಯನ್ನು ನೋಡಿಕೊಂಡು ಬಾ. ಅಲ್ಲಿಯವರೆಗೆ ನಮ್ಮೂರು ನಿಮ್ಮೂರು ಎಂಬ ಮಾತು ನನ್ನ ಮನೆಯಲ್ಲಿ ಬೇಡ."

ಮುಂದಿನ ವರ್ಷ ಎಲ್ಲ ಊರುಗಳೂ ಬಯಲಿಗೆ ಹೋದವು. ನೇಕಾರರ ಊರಿಗೆ ಸರದಿ ಇರಲಿಲ್ಲ. ಅವರ ಪಾಲಿನ ಹುಡುಗನೂ ಕೋಟೆಯವರಿಗೇ ಹೋದ. ಆ ಸಲ ನೀಲಿ ಅಂಗಿಯವರು ಎಲ್ಲರಿಗಿಂತ ಕೆಳಗೆ ಬಿದ್ದರು.

ಆ ದಿನಗಳಲ್ಲೇ ಗಾಣಿಗನೂ ನೇಕಾರನೂ ಕೋಟೆಯ ಸಂತೆಗೆ ಹೋದರು. ಒಬ್ಬ ಎಣ್ಣೆ ಇಟ್ಟುಕೊಂಡು ಕುಳಿತ. ಪಕ್ಕದಲ್ಲಿ ಇನ್ನೊಬ್ಬ ಸೀರೆ ಹರಡಿಕೊಂಡು ಕುಳಿತ. ಒಬ್ಬ ವ್ಯಾಪಾರಿ ಬಂದು, ಸುತ್ತಲಿನವರಿಗೆ ಕೇಳುವಂತೆ ಗಾಣಿಗನನ್ನು ಕೇಳಿದ: "ಮೂವರನ್ನು ಕೊಟ್ಟು ಒಬ್ಬ ಕುಂಟನನ್ನು ಒಯ್ದ ಊರಿನವನಲ್ಲವೇ ನೀನು? ಆ ಬುದ್ಧಿವಂತಿಕೆ ಯಾರದಪ್ಪ?"

ಸಂತೆ ನಕ್ಕಿತು. ಸೀರೆ ಮಡಿಸುತ್ತಿದ್ದ ನೇಕಾರನ ಕೈ ನಿಂತಿತು.

ಗಾಣಿಗ ಎದ್ದು ನಿಂತ. ರುಮಾಲು ಸರಿಮಾಡಿಕೊಂಡ. "ನನ್ನದು" ಎಂದ. "ಬಯಲಿನಲ್ಲಿ ಅವನ ಹೆಸರು ಕೂಗಿದವನು ನಾನು. ಇವತ್ತು ಕೇಳಿದರೂ ಕೂಗುತ್ತೇನೆ."

ವ್ಯಾಪಾರಿ ಎಣ್ಣೆ ಕೊಳ್ಳದೆ ಹೋದ.

ಹಿಂದಿರುಗುವ ದಾರಿಯಲ್ಲಿ ನೇಕಾರ ಕೇಳಿದ: "ಅದು ನನ್ನ ಮಾತಾಗಿತ್ತು. ನೀನು ಯಾಕೆ ನಿನ್ನದೆಂದೆ?"

"ನಮ್ಮ ಅಂಗಳದ ಜಗಳ ಕೋಟೆಯವನಿಗೆ ಯಾಕೆ? ಊರು ಮುಟ್ಟಲಿ, ನಿನ್ನೊಡನೆ ಬೇಕಾದಷ್ಟು ಜಗಳವಾಡುತ್ತೇನೆ."

ಈ ಸುದ್ದಿ ಅವರಿಗಿಂತ ಮೊದಲೇ ಊರು ತಲುಪಿತ್ತು. ಮರುದಿನ ಬೆಳಗ್ಗೆ ಭರಮ ಕೋಲೂರಿಕೊಂಡು ಆಟದ ಅಂಗಳಕ್ಕೆ ಹೋದ. ಹೊರಗಿನಿಂದ ಯಾರೂ ಬರುವಂತಿರಲಿಲ್ಲ. ಹಾಗಾಗಿ ಅವನು ಊರಿನ ಹುಡುಗರನ್ನೇ ಕೂಗಿ ಕರೆದ. ಬಣ್ಣಗಾರನ ಮಗ ಬಂದ, ಮಡಿವಾಳರ ಮನೆಯ ಅಣ್ಣತಮ್ಮಂದಿರಿಬ್ಬರು ಬಂದರು, ಗಾಣದ ಎತ್ತು ಹೊಡೆಯುತ್ತಿದ್ದವನೂ ಬಂದ. ಉಸ್ತಾದ ತನಗೆ ಕಲಿಸಿದ್ದನ್ನೆಲ್ಲ ಭರಮ ಅವರಿಗೆ ಕಲಿಸಿದ. ಅವರು ತಪ್ಪಿದಾಗ ಬೈದ. ತಾನೂ ಮೆಲ್ಲಗೆ ಓಡತೊಡಗಿದ. ಮೊದಲಿನ ವೇಗ ಬರಲಿಲ್ಲ. ಬರುವುದಿಲ್ಲವೆಂದು ಅವನಿಗೆ ತಿಳಿಯಿತು. ಅವನು ಮುಂದಿನ ಸಾಲನ್ನು ಬಿಟ್ಟು ಹಿಂದೆ ನಿಲ್ಲುವುದನ್ನು ಅಭ್ಯಾಸ ಮಾಡಿದ. ಅಲ್ಲಿಂದ ಇಡೀ ಅಂಗಳ ಕಾಣುತ್ತಿತ್ತು.

ಅದರ ಮರುವರ್ಷದ ಕೊನೆಯ ಆಟ ನೇಕಾರರ ಊರಿಗೂ ಕೋಟೆಗೂ ಬಿತ್ತು. ಅದರಲ್ಲಿ ಗೆದ್ದವರೇ ಆ ವರ್ಷದ ಮೊದಲಿಗರು. ಕೋಟೆಯ ತಂಡದಲ್ಲಿ ಎತ್ತರದವನಿದ್ದ, ನೇಕಾರರ ಸರದಿಗಳಿಂದ ಹೋದ ಇನ್ನಿಬ್ಬರೂ ಇದ್ದರು. ಮೂವರೂ ಚೆನ್ನಾಗಿ ಆಡುತ್ತಿದ್ದರು. ನೀಲಿ ಅಂಗಿಯಲ್ಲಿ ಹೆಚ್ಚಿನವರು ಆ ಊರಲ್ಲೇ ಹುಟ್ಟಿ ಭರಮನಿಂದ ಕಲಿತವರು. ಅವತ್ತು ಊರಿನಲ್ಲಿ ಒಂದು ಮಗ್ಗವೂ ಆಡಲಿಲ್ಲ. ಮಾತು ಬಿಟ್ಟಿದ್ದ ಬೀಗರು ಒಂದೇ ಬಂಡಿಯಲ್ಲಿ ಬಂದರು. ಅತ್ತೆ ಸೊಸೆಯರು ಅಕ್ಕಪಕ್ಕದಲ್ಲಿ ಕುಳಿತರು.

ಎತ್ತರದವನು ತಲೆಯಿಂದ ಹೊಡೆದು ಮೊದಲ ಗೋಲು ಗಳಿಸಿದ. ಮಡಿವಾಳರ ಮನೆಯ ಹಿರಿಯ ಹುಡುಗ ಅದನ್ನು ಸರಿಗಟ್ಟಿದ. ಹೊತ್ತು ಇಳಿಯುತ್ತ ಬಂತು. ಕೊನೆಗೆ ಚೆಂಡು ಭರಮನ ಕಾಲಿಗೆ ಬಂತು. ಎದುರಿನವರು ಅವನು ಓಡುತ್ತಾನೆಂದು ಕಾದರು. ಅವನು ಓಡಲಿಲ್ಲ. ತಲೆ ಎತ್ತಿ ನೋಡಿ, ಎಲ್ಲರ ನಡುವಿನಿಂದ ಚೆಂಡನ್ನು ದೂರಕ್ಕೆ ಕಳಿಸಿದ. ಅಲ್ಲಿ ಬಣ್ಣಗಾರನ ಮಗ ಒಬ್ಬನೇ ಇದ್ದ. ಅವನು ತಪ್ಪಲಿಲ್ಲ.

ಆಟ ಮುಗಿದಾಗ ಆ ಊರಿನ ಮುದುಕರು ಕುಳಿತಲ್ಲಿಂದ ಎದ್ದು ನಿಂತರು. ಕೆಲವರು ಅಳುತ್ತಿದ್ದರು. ಕೋಟೆಯವರೂ ಎದ್ದು ನಿಂತು ಚಪ್ಪಾಳೆ ತಟ್ಟಿದರು.

ನೇಕಾರ ಗುಂಪಿನಲ್ಲಿ ನುಗ್ಗಿ ಬಂದು ಗಾಣಿಗನ ತೋಳು ಹಿಡಿದ. "ಈಗಲಾದರೂ ಒಪ್ಪಿಕೋ. ನನ್ನ ಮಾತು ಸರಿಯಾಗಿತ್ತೋ ಇಲ್ಲವೋ?"

ಗಾಣಿಗ ಕಣ್ಣೊರೆಸಿಕೊಂಡು ಹೇಳಿದ: "ಇಲ್ಲ. ಮೂವರನ್ನೇ ತರಬೇಕಿತ್ತು. ತಂದಿದ್ದರೆ ಹೋದ ವರ್ಷವೇ ಗೆಲ್ಲುತ್ತಿದ್ದೆವು."

ಹಾಗೆಂದವನು ಅಂಗಳಕ್ಕೆ ಇಳಿದು, ಭರಮನನ್ನು ಹೆಗಲ ಮೇಲೆ ಕೂರಿಸಿಕೊಂಡು ಊರಿನವರೆಗೂ ನಡೆದ. ಯಾರು ಕೇಳಿದರೂ ಅವನನ್ನು ಬೇರೆಯವರ ಹೆಗಲಿಗೆ ಕೊಡಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು.

ಶಿಷ್ಯ ಯೋಚಿಸಿ ಕೇಳಿದ: "ಗುರುಗಳೇ, ಗೆದ್ದದ್ದು ನೇಕಾರನ ಆಯ್ಕೆ. ಗಾಣಿಗ ಅದನ್ನು ಕೊನೆಯವರೆಗೂ ಒಪ್ಪಲಿಲ್ಲ. ಹಾಗಿದ್ದ ಮೇಲೆ ಆ ಗೆಲುವಿನಲ್ಲಿ ಅವನ ಪಾಲು ಎಷ್ಟು?"

ಗುರುಗಳು ಹೇಳಿದರು: "ಸೋತಾಗ ಆ ಭಾರವನ್ನು ಅವನು ಎಷ್ಟು ಹೊತ್ತನೋ ಅಷ್ಟು."

ಶಿಷ್ಯ ಎದ್ದು ಹೊಸ ಪಾಠಶಾಲೆಯ ಕಡೆ ನಡೆದ.