ಬಾತಕ್ಕ ಕೇಳಿಸಿಕೊಳ್ಳದ ಮಾತು

“ಮತ್ತೆ ಬಂದೆಯಾ? ನಾನು ಪಾಠಕ್ಕೆ ಬಾಯಿ ತೆರೆಯುವುದೇ ತಡ, ಅಡ್ಡ ಬರಲು ಯಾರಾದರೂ ಒಬ್ಬರು ಹಾಜರು,” ಎಂದು ಬಾತಕ್ಕ ಕೊಕ್ಕು ಸೊಟ್ಟಗೆ ಮಾಡಿದಳು.

ಕೆರೆ ದಂಡೆಯಲ್ಲಿ ಈ ಬಾತುಕೋಳಿಯದೊಂದು ಶಾಲೆ ಇತ್ತು, ಮಕ್ಕಳೇ. ತಾಯಂದಿರು ಮೇವಿಗೆ ಹೋದಾಗ ಮೊಲ, ಆಮೆ, ಕೋಳಿಗಳ ಮರಿಗಳೆಲ್ಲ ಅಲ್ಲೇ. ಯಾರ ಬುತ್ತಿಯಲ್ಲಿ ಏನಿದೆ ಎಂಬುದು ಬಾತಕ್ಕನಿಗೆ ಚೆನ್ನಾಗಿ ಗೊತ್ತಿತ್ತು. ಮೊದಲ ತುತ್ತು ಅವಳದೇ ತಾನೆ. ಮರಿಗಳ ಬಗ್ಗೆ ಮಾತ್ರ ಅಷ್ಟು ಗೊತ್ತಿರಲಿಲ್ಲ. ಆಮೆಮರಿ ತಲೆ ಒಳಗೆಳೆದುಕೊಂಡರೆ, ಸೋಮಾರಿ ಮುಸುಕು ಹಾಕಿ ಮಲಗಿದೆ ಎಂದು ಬೆನ್ನಿಗೆ ಕುಕ್ಕುತ್ತಿದ್ದಳು.

ಅಂದು ಅಡ್ಡ ಬಂದವಳು ಟಿಟ್ಟಿಭ ಹಕ್ಕಿ. ಹೊಸದಾಗಿ ಸೇರಿದ ಮಗ ಬೊಟ್ಟುವನ್ನು ಬಿಟ್ಟು ಹೊರಟವಳು ತಿರುಗಿ ಬಂದಿದ್ದಳು.

“ಬಾತಕ್ಕಾ, ಇವನು ಹೆದರಿದರೆ...”

“ನಿನ್ನ ಮಗನೊಬ್ಬನೇ ಹೆದರುವುದಾ? ನಾನೂ ಮರಿ ಸಾಕಿದವಳೇ. ಹೋಗಮ್ಮ, ಹೋಗು.”

ಮಧ್ಯಾಹ್ನ ಎಮ್ಮೆಗಳ ಹಿಂಡು ಧೂಳೆಬ್ಬಿಸುತ್ತ ನೀರಿಗೆಂದು ದಂಡೆಯತ್ತ ಇಳಿದು ಬರತೊಡಗಿತು. ಬಾತಕ್ಕ ಕಿರುಚಿದಳು. ಮರಿಗಳೆಲ್ಲ ಜೊಂಡಿನೊಳಗೆ ನುಗ್ಗಿದವು. ಬೊಟ್ಟು ಮಾತ್ರ ಕಾಣಲಿಲ್ಲ. ಹೆಸರು ಹಿಡಿದು ಕೂಗಿದಳು, ಗದರಿದಳು, ತನ್ನ ಪಾಲಿನ ಹುಳವನ್ನೂ ಕೊಡುತ್ತೇನೆಂದಳು. ಎಲ್ಲೂ ಅವನ ಸುಳಿವಿಲ್ಲ. ಗೊರಸುಗಳ ಸದ್ದು ಹತ್ತಿರವಾಯಿತು. ಅವನ ಅಮ್ಮನಿಗೆ ಏನು ಹೇಳಲಿ ಎಂದು ಬಾತಕ್ಕ ಇನ್ನೂ ಜೋರಾಗಿ ಕೂಗಿದಳು.

ಅಷ್ಟರಲ್ಲಿ ಟಿಟ್ಟಿಭ ಮೇಲಿಂದ ಎರಗಿ, ಮುಂದಿನ ಎಮ್ಮೆಯ ಮೂಗಿನೆದುರು ರೆಕ್ಕೆ ಬಡಿದು ರಂಪ ಮಾಡಿದಳು. ಇವಳ ಸಹವಾಸವೇ ಬೇಡವೆಂದು ಎಮ್ಮೆ ಪಕ್ಕಕ್ಕೆ ತಿರುಗಿತು. ಹಿಂಡೂ ಅದರ ಹಿಂದೆ ಹೋಯಿತು.

ಆಮೇಲೆ ಅವಳು ಮೆಲ್ಲಗೆ ಒಂದು ಸದ್ದು ಮಾಡಿದಳು. ಬಾತಕ್ಕನ ಕಾಲ ಬುಡದಲ್ಲಿದ್ದ ಚುಕ್ಕೆಚುಕ್ಕೆಯ ಕಲ್ಲೊಂದು ಎದ್ದು ನಿಂತಿತು. ಅದು ಕಲ್ಲಲ್ಲ, ಬೊಟ್ಟು! ಅವನು ಅಮ್ಮನ ಬಳಿಗೆ ಓಡಿದ.

“ಅಷ್ಟೊಂದು ಕೂಗಿದೆನಲ್ಲ, ಇವನಿಗೆ ಕಿವಿ ಕೇಳಿಸುವುದಿಲ್ಲವಾ?” ಎಂದಳು ಬಾತಕ್ಕ.

“ಹೆದರಿದರೆ ನೆಲಕ್ಕೆ ಅಂಟಿಕೊಳ್ಳುತ್ತಾನೆ. ಕೂಗಿದಷ್ಟೂ ಅಲುಗುವುದಿಲ್ಲ. ಮೆಲ್ಲಗೆ ಕರೆಯಬೇಕು. ಬೆಳಿಗ್ಗೆ ಅದನ್ನೇ ಹೇಳಲು ಬಂದಿದ್ದೆ.” ಟಿಟ್ಟಿಭ ಮಗನನ್ನು ರೆಕ್ಕೆಯಡಿ ಎಳೆದುಕೊಂಡಳು. “ಇವನ ಬುತ್ತಿಯಲ್ಲಿ ಏನಿತ್ತು, ಬಾತಕ್ಕಾ?”

“ಎರೆಹುಳು,” ಬಾತಕ್ಕ ತಟ್ಟನೆ ಹೇಳಿದಳು.

“ಹಾಗಾದರೆ ಇದನ್ನೂ ಹೇಳು. ಆ ಆಮೆಮರಿ ತಲೆ ಒಳಗೆಳೆದುಕೊಳ್ಳುವುದು ಯಾಕೆ?”

ಬಾತಕ್ಕ ಜೊಂಡಿನ ಕಡೆ ನೋಡಿದಳು. ಅಲ್ಲಿ ಬರೀ ಚಿಪ್ಪು ಕಾಣುತ್ತಿತ್ತು. ಈ ಸಲ ಅವಳು ಕುಕ್ಕಲಿಲ್ಲ, ಹತ್ತಿರ ಹೋಗಿ ಮೆಲ್ಲಗೆ ಕರೆದಳು.

ನೀತಿ: ಮಕ್ಕಳನ್ನು ನೋಡಿಕೊಳ್ಳುವವರು ಒಂದೊಂದು ಮಗುವಿನ ಸ್ವಭಾವವನ್ನೂ ಅರಿತಿರಬೇಕು, ಹೇಳಲು ಬಂದವರ ಮಾತನ್ನು ಪೂರ್ತಿ ಕೇಳಬೇಕು.