ತಗ್ಗದ ಹೊಸ್ತಿಲು

ತುಂಗಮ್ಮನ ಮನೆಯ ಮುಂಬಾಗಿಲಿಗೆ ಪ್ಲಾಸ್ಟಿಕ್ ಚೌಕಟ್ಟು. ಹೊಸ್ತಿಲು ಮಾತ್ರ ಹಳೆಯ ಕಲ್ಲಿನದು. ಬಾಗಿಲು ಜೋತುಬಿದ್ದು, ತೆರೆದಾಗಲೆಲ್ಲ ಹೊಸ್ತಿಲಿನ ಅರಿಶಿನ ಕುಂಕುಮವನ್ನು ಉಜ್ಜಿ ಅಳಿಸತೊಡಗಿತು.

"ದಿನಾ ಪೂಜೆ ಮಾಡಿಸಿಕೊಂಡು ಉಬ್ಬಿಹೋಗಿದ್ದೀಯ. ಸ್ವಲ್ಪ ತಗ್ಗು," ಎಂದಿತು ಬಾಗಿಲು.

"ನಾನು ಐವತ್ತು ವರ್ಷದಿಂದ ಇಷ್ಟೇ ಎತ್ತರ ಇದ್ದೇನೆ. ನಿನ್ನ ಮೇಲಿನ ಕೀಲು ನೋಡಿಕೋ," ಎಂದಿತು ಹೊಸ್ತಿಲು.

"ನನ್ನ ಕೀಲಿಗೇನಾಗಿದೆ? ಸವೆಯಬೇಕಾದದ್ದು ನೀನು."

ಅಷ್ಟರಲ್ಲಿ ತುಂಗಮ್ಮನ ಗಂಡ ವೀರೇಶ ಕಲ್ಲು ಕೆತ್ತಲು ಉಳಿ ಹಿಡಿದು ಬಂದ.

"ಉಳಿ ಕೆಳಗಿಡಿ. ಹೊಸ್ತಿಲಿಗೆ ಪೆಟ್ಟು ಬೀಳಕೂಡದು," ಎಂದಳು ತುಂಗಮ್ಮ. "ಎರಡೂ ಕೈಯಲ್ಲಿ ಬಾಗಿಲನ್ನು ಎತ್ತಿ ಹಿಡಿಯಿರಿ, ಸಾಕು."

ಅವಳು ಸ್ಟೂಲು ಹತ್ತಿ ಮೇಲಿನ ಕೀಲನ್ನು ಅಲ್ಲಾಡಿಸಿದಳು. ಬರೀ ಪ್ಲಾಸ್ಟಿಕ್ಕನ್ನು ಕಚ್ಚಿಕೊಂಡಿದ್ದ ಗಿಡ್ಡ ಸ್ಕ್ರೂ ಕೈಗೇ ಬಂತು. ಆ ತೂತಿಗೆ, ಚೌಕಟ್ಟಿನೊಳಗೆ ಬಲಕ್ಕೆಂದು ಕೂರಿಸಿದ್ದ ಕಬ್ಬಿಣದ ಪಟ್ಟಿಯವರೆಗೆ ಹೋಗುವ ಉದ್ದನೆಯ ಸ್ಕ್ರೂ ಇಟ್ಟು ತಿರುಗಿಸಿದಳು. ಮಣಿಕಟ್ಟು ನೋಯುತ್ತಿದ್ದರೂ ಅದು ಪೂರ್ತಿ ಬಿಗಿಯಾಗುವವರೆಗೆ ಬಿಡಲಿಲ್ಲ. ಬಾಗಿಲು ಒಂದು ಬೆರಳಿನಷ್ಟು ಮೇಲೆದ್ದಿತು.

ಮರುದಿನ ಬೆಳಿಗ್ಗೆ ಬಾಗಿಲು ಸದ್ದಿಲ್ಲದೆ ತೆರೆಯಿತು. ಅರಿಶಿನ ಹಾಗೇ ಉಳಿದಿತ್ತು.

"ಕೊನೆಗೂ ತಗ್ಗಿದೆ ನೋಡು ನೀನು," ಎಂದಿತು ಬಾಗಿಲು.

ಹೊಸ್ತಿಲು ಇದ್ದಲ್ಲೇ ಇತ್ತು.